ತೂಕದ ಮೇಡಂ

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಶಹಾಬಾದಿನಿಂದ ಫೋನು ಬಂತು. ಮಾತಾಡಿದ್ದು ಮೇಡಂ ಅವರ ತಮ್ಮ. "ಅಕ್ಕ ಹೋಗಿ ಹದಿನೈದು ದಿನ ಆಯ್ತರಿ. ನಿಮ್ಮ ನಂಬರ್ ಈಗ ಸಿಕ್ತು. ಆ ಫರಸಿ ನಿಮಗೇ ಕೊಡಬೇಕಂತ ಹೇಳಿ ಹೋಗ್ಯಾರ. ಯಾವಾಗ ಬಂದು ಒಯ್ತೀರಿ?" ಎಂದು ಕೇಳಿದರು. ನನಗೆ ಅಳು ಬರಲಿಲ್ಲ. ಮೊದಲು ನೆನಪಾದದ್ದು ನನ್ನ ಎಡ ಹೆಗಲು. ಆ ಕಲ್ಲನ್ನು ನಾಲ್ಕು ವರ್ಷ ಊರೂರಿಗೆ ಹೊತ್ತದ್ದು ಅದೇ ಹೆಗಲು.

ಅದು ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಶಹಾಬಾದಿ ಫರಸಿ, ನೆಲಕ್ಕೆ ಹಾಸುವ ಕಲ್ಲು. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ಖಣಿಯಿಂದ ಎದ್ದು ಬಂದ ಹಾಗೆಯೇ ಒರಟು. ಗೊಬ್ಬರದ ಚೀಲವನ್ನು ಕತ್ತರಿಸಿ ಹೊಲಿದ ಕೈಚೀಲದಲ್ಲಿ ಅದನ್ನು ಇಟ್ಟುಕೊಂಡು ಅವರು ಶಾಲೆ ಶಾಲೆಗೆ ಹೋಗುತ್ತಿದ್ದರು. ಹೋದ ಕೂಡಲೇ ಯಾರನ್ನೂ ಮಾತಾಡಿಸದೆ ಕಲ್ಲನ್ನು ನೆಲದ ಮೇಲಿಟ್ಟು, ಗೌಂಡಿಗಳು ಬಳಸುವ ರಸಮಟ್ಟ ಇಟ್ಟು ನೋಡಿ, ಅಡಿಯಲ್ಲಿ ರಟ್ಟಿನ ತುಂಡು ತುರುಕಿ ಸಮ ಮಾಡಿ, ಆಮೇಲೆ ಅದರ ಮೇಲೆ ತೂಕದ ಮಷೀನು ಇಡುತ್ತಿದ್ದರು. ನೆಲ ಓರೆಯಿದ್ದರೆ ಮಷೀನು ಸುಳ್ಳು ಹೇಳುತ್ತದೆ ಎಂಬುದು ಅವರ ಮಾತು. ಸೇಡಂ ಕಡೆಯ ಒಬ್ಬ ಹೆಡ್‌ಮಾಸ್ಟರು ನಗುತ್ತಾ, "ಏನ್ರಿ ಮೇಡಂ, ನಮ್ಮ ಸಾಲಿ ನೆಲದ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದು ಕೇಳಿದ್ದರು. "ನೆಲದ ಮ್ಯಾಲೂ ಇಲ್ರಿ, ನಿಮ್ಮ ಮ್ಯಾಲೂ ಇಲ್ರಿ" ಎಂದು ಮೇಡಂ ನಗದೆ ಉತ್ತರ ಕೊಟ್ಟರು. ಆ ಶಾಲೆಯಲ್ಲಿ ಆ ದಿನ ನಮಗೆ ಚಹಾ ಸಿಗಲಿಲ್ಲ.

ಅವರು ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುತ್ತಿದ್ದರು. ಜೊತೆಗೆ ಹರೆಯದ ಮಕ್ಕಳ ತೂಕದ ಮೇಲೆ ಸಂಶೋಧನೆ. ನಾನು ಚಿತ್ತಾಪುರದವಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿದ್ದವಳನ್ನು ಅವರು ಸಹಾಯಕಿಯಾಗಿ ತೆಗೆದುಕೊಂಡರು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಕಲ್ಲು ಹೊರತೀಯೇನು?" ಹೊರುತ್ತೇನೆ ಎಂದೆ. ವಿಜ್ಞಾನದಲ್ಲಿ ಎಷ್ಟು ಅಂಕ ಬಂದಿದೆ ಎಂದು ಕೊನೆಯವರೆಗೂ ಕೇಳಲಿಲ್ಲ.

ಸಿಮೆಂಟ್ ಕಾರ್ಖಾನೆಯ ಕಾಲೊನಿಗಳ ಶಾಲೆಗಳಲ್ಲಿ ಮಕ್ಕಳು ದಪ್ಪಗಿರುತ್ತಿದ್ದರು, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಹುಡುಗಿಯರು ತೆಳ್ಳಗೆ. "ಅಲ್ಲಿ ಪಾಕೀಟಿನ ತಿಂಡಿ, ಇಲ್ಲಿ ಬರೇ ರೊಟ್ಟಿ ಖಾರ. ಎರಡೂ ಕಡೆ ಮಕ್ಕಳ ಗಂಗಾಳದಾಗ ಪಲ್ಯ ಇಲ್ಲ" ಎನ್ನುತ್ತಿದ್ದರು. ಪಲ್ಯವೆಂದರೆ ನಮ್ಮ ಕಡೆ ಸೊಪ್ಪು. ಅದರೊಳಗಿನ ಆ್ಯಂಟಿಆಕ್ಸಿಡೆಂಟ್‌ಗಳ ಬಗ್ಗೆ ಅವರಿಗೆ ಹುಚ್ಚು. ಹಳ್ಳಿಯ ಹೆಂಗಸರಿಗೆ ಆ ಹೆಸರು ಹೇಳುತ್ತಿರಲಿಲ್ಲ, "ಕಬ್ಬಿಣಕ್ಕ ತುಕ್ಕು ಹಿಡೀತದಲ್ಲ, ಮೈಗೂ ಒಳಗಿಂದೊಳಗ ಹಿಡೀತದ. ಅದನ್ನ ತಡಿಯೋದು ಈ ಪಲ್ಯದಾಗ ಅದ" ಎಂದು ಹೇಳಿ ಮುಗಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಒಂದು ಕಡುನೇರಳೆ ದ್ರಾವಣವಿತ್ತು. ಅದಕ್ಕೆ ಪುಂಡಿಪಲ್ಯದ ಹುಳಿ ಎಲೆಯ ರಸ ಬಿದ್ದರೆ ನೇರಳೆ ಮಾಸಿ ಹಳದಿಗೆ ತಿರುಗುತ್ತಿತ್ತು. ಎಷ್ಟು ಬೇಗ ತಿರುಗಿದರೆ ಅಷ್ಟು ಶಕ್ತಿ. ಅದನ್ನು ನೂರು ಸಲ ನೋಡಿದವರು ನೂರೊಂದನೆಯ ಸಲವೂ ಕುರ್ಚಿ ಎಳೆದುಕೊಂಡು ಎದುರಿಗೆ ಕೂಡುತ್ತಿದ್ದರು. ಬೇರೆ ಯಾವುದನ್ನೋ ನೋಡಿ ಅವರ ಮುಖ ಹಾಗೆ ಅರಳಿದ್ದನ್ನು ಮುಂದೆ ಒಂದೇ ಸಲ ಕಂಡೆ.

ನಮ್ಮ ಕಡೆ ಪುಂಡಿಪಲ್ಯ ಮಾಡುವಾಗ ಸೊಪ್ಪನ್ನು ಮೊದಲು ಕುದಿಸಿ, ಹಿಂಡಿ, ಆ ನೀರನ್ನು ಬಚ್ಚಲಿಗೆ ಚೆಲ್ಲುತ್ತಾರೆ. ಇಲ್ಲದಿದ್ದರೆ ಹುಳಿಗೆ ಬಾಯಿಗಿಡಲು ಆಗುವುದಿಲ್ಲ. ಮೇಡಂ ಆ ನೀರನ್ನೇ ತಂದು ಪರೀಕ್ಷೆ ಮಾಡಿದರು. ನೇರಳೆ ಕಣ್ಣು ಮಿಟುಕಿಸುವುದರಲ್ಲಿ ಹಳದಿಯಾಯಿತು. ಅಂದಿನಿಂದ ಹೋದಲ್ಲೆಲ್ಲ ಅದೇ ಮಾತು: "ನೀರು ಚೆಲ್ಲಬ್ಯಾಡ್ರಿ. ಮಕ್ಕಳಿಗೆ ಕುಡಸ್ರಿ." ಚಿತ್ತಾಪುರದ ಒಬ್ಬ ಮುದುಕಿ, "ಹಲ್ಲು ಜುಮ್ ಅಂತಾವರಿ ತಾಯಿ, ನೀವೇ ಕುಡದು ತೋರಸ್ರಿ" ಎಂದು ಸವಾಲು ಹಾಕಿದಳು. ಮೇಡಂ ಒಂದು ಚೊಂಬು ಗಟಗಟ ಕುಡಿದರು, ಮುಖ ಸಿಂಡರಿಸಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಮೆಲ್ಲಗೆ, "ತಂಗಿ, ಎಲ್ಲೆರ ಒಂದು ತುಂಡು ಬೆಲ್ಲ ಸಿಗ್ತದೇನು ನೋಡು" ಎಂದರು. ಮರುದಿನದಿಂದ ಮಾತಿಗೆ ಇನ್ನೊಂದು ಸೇರಿತು: "ಹುಳಿ ಅನಿಸಿದ್ರ ಚಿಟಿಕಿ ಉಪ್ಪು ಹಾಕಿ ಕುಡಸ್ರಿ."

ಅವರ ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲು ಚುಚ್ಚಿರುತ್ತಿತ್ತು, ತುದಿಗೆ ರಬ್ಬರು ಇದ್ದದ್ದು. ರಿಜಿಸ್ಟರಿಗೆ ಅವರದೊಂದು ಕಟ್ಟಳೆ. ತೂಕ ಎತ್ತರಗಳನ್ನು ಪೆನ್ನಿನಲ್ಲಿ ಬರೆಯಬೇಕು, ಪಕ್ಕದ ಷರಾ ಕಾಲಮಿನಲ್ಲಿ ಏನಾದರೂ ಬರೆಯುವುದಿದ್ದರೆ ಪೆನ್ಸಿಲಿನಲ್ಲಿ. ಯಾಕೆಂದು ಕೇಳಿದ್ದಕ್ಕೆ, "ಅಂಕಿ ಅಳಸಬಾರದು. ಮಾತು ಅಳಸಬಹುದು" ಎಂದಿದ್ದರು. ಸಂಜೆ ಕೂತು ನನ್ನ ಷರಾಗಳನ್ನು ಓದಿ, ಸಾಕ್ಷಿ ಇಲ್ಲದ್ದನ್ನೆಲ್ಲ ಒರೆಸಿ ಹಾಕುತ್ತಿದ್ದರು. 'ಹುಡುಗಿ ಮಂಕಾಗಿದ್ದಾಳೆ' ಎಂದು ಬರೆದರೆ, "ಮಂಕು ಅಂದ್ರ ಎಷ್ಟು ಗ್ರಾಮು?" ಎಂದು ಕೇಳುವವರು. ಅವರ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಅವರ ಹಾಗೆ ಆಗಬೇಕು ಎಂದೂ ಅನಿಸುತ್ತಿತ್ತು.

ಆ ಕಟ್ಟಳೆ ಇನ್ನಷ್ಟು ಬಿಗಿಯಾದದ್ದು ನನ್ನಿಂದ. ವಾಡಿಯಲ್ಲಿ ತೂಕ ಮಾಡುವಾಗ ಒಬ್ಬ ಬಡಕಲು ಹುಡುಗಿ ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಒಂದು ಕಿಲೋ ಹೆಚ್ಚಿಗಿ ಬರೀರಿ. ಎಲ್ಲಾರು ಕಡ್ಡಿ ಅಂತಾರ" ಎಂದಳು. ಪಾಯಿಂಟು ಬಿಟ್ಟು, ಒಂದು ಕಿಲೋ ಹೆಚ್ಚಾಗುವ ಹಾಗೆ ಬರೆದೆ. ಸಂಜೆ ಮೇಡಂ ಪುಟದ ಮೇಲೆ ಬೆರಳಾಡಿಸುತ್ತಾ ಬಂದವರು ಅಲ್ಲಿ ನಿಂತರು. "ಎಲ್ಲಾರ ಅಂಕಿಗೂ ಪಾಯಿಂಟ್ ಅದ. ಈಕಿದೊಂದೇ ಪೂರಾ ಅಂಕಿ ಹ್ಯಾಂಗ ಬಂತು?" ಮರುದಿನ ಬೆಳಿಗ್ಗೆ ಶಹಾಬಾದಿನಿಂದ ಪ್ಯಾಸೆಂಜರ್ ಗಾಡಿ ಹತ್ತಿಸಿ, ಕಲ್ಲು ನನ್ನ ಹೆಗಲಿಗೇರಿಸಿ, ಆ ಒಬ್ಬಳನ್ನು ತೂಗುವುದಕ್ಕೆಂದೇ ವಾಡಿಗೆ ಕರೆದುಕೊಂಡು ಹೋದರು.

ವಾಪಸು ಬರುವಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೇಳಿದರು: "ನಿನ್ನ ಮನಸ್ಸು ಒಳ್ಳೇದು ತಂಗಿ, ನಾ ಇಲ್ಲ ಅನ್ನೋದಿಲ್ಲ. ಖರೆ ನೀ ಬರ್ದ ಅಂಕಿ ಉಳದಿದ್ರ ಆ ಹುಡುಗಿ ಉಪಾಸ ಅದಾಳ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಇನ್ನ ಮ್ಯಾಲ ಯಾರ ಮಾರಿನೂ ನೋಡಬ್ಯಾಡ. ಅಂಕಿ ನೋಡು." ಅವರ ಮಾತು ಸರಿಯಾಗಿತ್ತು. ಇವತ್ತು ಯೋಚಿಸಿದರೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ. ಸಂಕಟ ಅದೇ.

ಐನಾಪುರದಿಂದ ಆಚೆ ಒಂದು ಸಣ್ಣ ಹಳ್ಳಿ. ಅಲ್ಲಿನ ಹುಡುಗಿಯರಿಗೆ ಆರು ತಿಂಗಳು ದಿನಾ ಪುಂಡಿಪಲ್ಯ, ಮೇಲೆ ಅದರ ನೀರು ಕೊಟ್ಟು, ತಿಂಗಳಿಗೊಮ್ಮೆ ತೂಗಿ ನೋಡುವುದೆಂದು ಮೇಡಂ ಗೊತ್ತುಮಾಡಿದರು. ಒಂಬತ್ತನೇ ಇಯತ್ತೆಯ ಅಂಬಿಕಾ ಇದ್ದದ್ದು ಅದೇ ಊರಿನಲ್ಲಿ. ಎರಡು ಜಡೆ, ದೊಡ್ಡ ಹಲ್ಲು, ಮಾತು ಜಾಸ್ತಿ. ಕಲ್ಲಿನ ಮೇಲೆ ಹತ್ತುವಾಗ ಪ್ರತಿ ಸಲ ಚಪ್ಪಲಿ ಬಿಟ್ಟು, ಫರಸಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಳ್ಳುತ್ತಿದ್ದಳು. "ಇದೇನು ದೇವರೇನು?" ಎಂದು ಮೇಡಂ ಗದರಿದರೆ, "ನೀವು ಇಷ್ಟು ದೂರ ಹೊತ್ಕೊಂಡು ಬರ್ತೀರಲ್ರಿ, ಮತ್ತ ದೇವ್ರೇ ಅಲ್ಲೇನ್ರಿ" ಎನ್ನುವಳು. ಹೊತ್ತುಕೊಂಡು ಬರುತ್ತಿದ್ದವಳು ನಾನು. ಆ ನಮಸ್ಕಾರ ಮಾತ್ರ ಮೇಡಂಗೆ. ಅವಳ ತಾಯಿ ಕಾಶೀಬಾಯಿ ತೊಗರಿ ಹೊಲಕ್ಕೆ ಕೂಲಿಗೆ ಹೋಗುವವಳು. ಊರಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಮೇಡಂ ಮಾತನ್ನು ನಂಬಿದವಳು ಆಕೆಯೇ. ಒಂದು ದಿನವೂ ತಪ್ಪಿಸದೆ ಮಗಳಿಗೆ ಉಪ್ಪು ಹಾಕಿ ಪುಂಡಿ ನೀರು ಕುಡಿಸಿದಳು.

ಮೂರು ತಿಂಗಳು ಅಂಬಿಕಾಳ ತೂಕ ಅಲುಗಲಿಲ್ಲ. ನಾಲ್ಕನೆಯ ತಿಂಗಳು ಎರಡು ಕಿಲೋ ಏರಿತ್ತು. ಮೇಡಂ ನಂಬದೆ ರಸಮಟ್ಟ ಮತ್ತೊಮ್ಮೆ ಇಟ್ಟು ನೋಡಿದರು, ಹುಡುಗಿಯನ್ನು ಇಳಿಸಿ ಮತ್ತೆ ಹತ್ತಿಸಿದರು. ಅದೇ ಅಂಕಿ. ಆ ಕ್ಷಣ ಅವರ ಮುಖ ನೇರಳೆ ದ್ರಾವಣದ ಎದುರು ಅರಳಿದ ಹಾಗೆಯೇ ಅರಳಿತು. "ಕಾಶೀಬಾಯಿ, ನಿನ್ನ ಕೈಗುಣ ಭಾಳ ಛಲೋ ಅದ!" ಎಂದು ಆಕೆಯ ಬೆನ್ನು ತಟ್ಟಿದರು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ಹುಡುಗಿಯ ಮುಖ ನೋಡಿದೆ. ನೋಡಬಾರದೆಂದು ಹೇಳಿದ್ದರೂ ನೋಡಿದೆ. ಕಣ್ಣಿನ ರೆಪ್ಪೆಗಳು ಬಾತಿದ್ದವು, ಈಗಷ್ಟೇ ಅತ್ತು ಬಂದವರ ಹಾಗೆ. ಕೆನ್ನೆ ತುಂಬಿದ್ದವು ನಿಜ, ಆದರೆ ಬಣ್ಣ ಇರಲಿಲ್ಲ. "ಮೇಡಂ, ಈಕಿ ಮಾರಿ ಯಾಕೋ..." ಎಂದೆ. ಅವರು ತಲೆ ಎತ್ತದೆ, "ಅಂಕಿ ಬರಿ" ಎಂದರು. ಅಂಕಿ ಬರೆದೆ. ಪಕ್ಕದಲ್ಲಿ ಪೆನ್ಸಿಲಿನಿಂದ 'ಕಣ್ಣು ಬಾತಿವೆ' ಎಂದೂ ಬರೆದೆ. ಓದಿದರೆ ಕೇಳುತ್ತಾರೆ, ಕೇಳಿದರೆ ಹೇಳೋಣ ಎಂದುಕೊಂಡೆ. ಅವರು ಕೇಳಲಿಲ್ಲ.

ಮುಂದಿನ ತಿಂಗಳು ಹೋದಾಗ ಇನ್ನೂ ಮೂರು ಕಿಲೋ ಏರಿತ್ತು. ಅಂಬಿಕಾ ಚಪ್ಪಲಿ ಬಿಡಲು ಒದ್ದಾಡಿದಳು. ಪಟ್ಟಿ ಪಾದದೊಳಗೆ ಹೂತಿತ್ತು. ಕಲ್ಲಿಗೆ ಬಗ್ಗಿ ಕೈ ಮುಟ್ಟಿಸಲಿಲ್ಲ, ಬಗ್ಗಲು ಆಗಲಿಲ್ಲ. ಆಗ ಮೇಡಂ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದರು. ಮಾತಾಡದೆ ನೆಲಕ್ಕೆ ಕೂತು, ಅವಳ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಬೆರಳು ಇದ್ದ ಜಾಗದಲ್ಲಿ ಕುಳಿ ಬಿತ್ತು. ನಾವು ನೋಡುತ್ತಲೇ ಇದ್ದೆವು, ಅದು ತುಂಬಿಕೊಳ್ಳಲೇ ಇಲ್ಲ. ಏರಿದ್ದು ಮೈಯಲ್ಲ, ನೀರು.

ಆ ದಿನವೇ ಅವಳನ್ನು ಕಲಬುರಗಿಗೆ ಒಯ್ದೆವು. ಕಿಡ್ನಿ ಸೋತಿದೆ, ತಡವಾಗಿ ತಂದಿದ್ದೀರಿ ಎಂದರು ಡಾಕ್ಟರು. ಏನು ತಿನ್ನುತ್ತಿದ್ದಳು ಎಂದು ಕೇಳಿದಾಗ ಕಾಶೀಬಾಯಿ ಹೆಮ್ಮೆಯಿಂದಲೇ ಹೇಳಿದಳು, ಪುಂಡಿ ನೀರು, ಉಪ್ಪು ಹಾಕಿ, ದಿನಾ ಎರಡು ಲೋಟ. ಡಾಕ್ಟರು ಮೇಡಂ ಕಡೆ ತಿರುಗಿ, "ರೋಗ ಅದರಿಂದ ಬಂದದ್ದಲ್ಲ. ಆದರೆ ಮೈ ಬಾತವರಿಗೆ ಉಪ್ಪು ಕೊಡಬಾರದಿತ್ತು, ಹೋದ ತಿಂಗಳೇ ಕರೆತರಬೇಕಿತ್ತು" ಎಂದರು. ಮೇಡಂ ಹೌದೆಂದು ತಲೆಯಾಡಿಸಿದರು. ಅಂಬಿಕಾ ಹನ್ನೆರಡು ದಿನ ಇದ್ದಳು.

ಮಣ್ಣಾದ ಮೇಲೆ ಒಂದು ವಾರ ಬಿಟ್ಟು ಇಬ್ಬರೂ ಆ ಊರಿಗೆ ಹೋದೆವು. ಮೇಡಂ ಅಂಗಳದಲ್ಲೇ ನಿಂತು, "ಕಾಶೀಬಾಯಿ, ತಪ್ಪು ನಂದು. ತೂಕ ಏರ್ಯಾದ ಅಂತ ಖುಷಿಯಾದೆ. ಬಾತಿದ್ದು ನಮಗ ಕಾಣಲಿಲ್ಲ" ಎಂದರು. ಆಕೆ ಒಳಗಿನಿಂದ ಚಾಪೆ ತಂದು ಹಾಸಿ, "ಕುಂದ್ರಿ" ಎಂದಳು. ನಾವು ಕೂರಲಿಲ್ಲ.

ಕಾಣಲಿಲ್ಲ ಎಂಬ ಆ ಒಂದು ಮಾತು ನಿಜವಾಗಿರಲಿಲ್ಲ. ಐದನೆಯ ತಿಂಗಳ ತೂಕ ಬರೆಯುವಾಗಲೇ ಅದರ ಮೇಲಿನ ನಾಲ್ಕನೆಯ ತಿಂಗಳ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಷರಾ ಕಾಲಮಿನಲ್ಲಿ ಪೆನ್ಸಿಲಿನ ಅಕ್ಷರ ಇರಲಿಲ್ಲ. ರಬ್ಬರು ಉಜ್ಜಿ ಕಾಗದ ಮಾತ್ರ ತೆಳ್ಳಗಾಗಿತ್ತು. ಅಳಿಸಿದ್ದು ಯಾರೆಂದು ನನಗೆ ಗೊತ್ತು. ನಾನು ಅದನ್ನು ಎತ್ತಿ ಕೇಳಲಿಲ್ಲ. ಒಂದು ಗ್ರಾಮೂ ಸುಳ್ಳು ಬರೆಯದವರು ಹೇಳಿದ ಒಂದೇ ಸುಳ್ಳಿಗೆ ನಾನು ಬಾಯಿ ಮುಚ್ಚಿಕೊಂಡು ಸಾಕ್ಷಿಯಾದೆ.

ಆಮೇಲೆ ಅವರು ಸಂಶೋಧನೆ ಬಿಟ್ಟರು. ಉಳಿದ ಹುಡುಗಿಯರ ಅಂಕಿಗಳೆಲ್ಲ ಸರಿ ಇದ್ದವು, ಎರಡು ಒಳ್ಳೆಯ ಲೇಖನವಾಗುವಷ್ಟು ಇದ್ದವು. ಬರೆಯಲಿಲ್ಲ. ಧೈರ್ಯ ಕುಂದಿತು ಎಂದು ಕಾಲೇಜಿನವರು ಮಾತಾಡಿಕೊಂಡರು. ಬರೆದರೆ ರಿಜಿಸ್ಟರು ತೋರಿಸಬೇಕಾಗುತ್ತಿತ್ತು ಎಂಬುದು ನನಗೆ ಮಾತ್ರ ತಿಳಿದಿತ್ತು. ಪಾಠ ಹೇಳುತ್ತಾ ನಿವೃತ್ತಿಯವರೆಗೆ ಕಾಲ ಕಳೆದರು. ಆದರೆ ಎಲ್ಲಿ ಮಕ್ಕಳು ಕಂಡರೂ ಮೊದಲು ಕಣ್ಣಿನ ರೆಪ್ಪೆ ನೋಡುವರು, ಆಮೇಲೆ ಬಗ್ಗಿ ಕಾಲು ಒತ್ತುವರು. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳ ಮಗಳ ಕಾಲು ಒತ್ತಿ ಬೈಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಜನ ಹಿಂದೆ ನಗುತ್ತಿದ್ದರು. ಪುಂಡಿಪಲ್ಯವನ್ನು ಅವರು ಮತ್ತೆ ಮುಟ್ಟಲಿಲ್ಲ.

ನಾನು ಸೇಡಂನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದೆ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಕೊನೆಯ ಸಲ ಹೋದದ್ದು ಹೋದ ಬೇಸಿಗೆಯಲ್ಲಿ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಾತಿಗೆ ಮುಂಚೆ ಸೀರೆಯ ನಿರಿಗೆ ಮೇಲೆತ್ತಿ, "ಒತ್ತು" ಎಂದರು. ಒತ್ತಿದೆ. ನನ್ನ ಹೆಬ್ಬೆರಳು ಒಳಗೆ ಇಳಿಯಿತು. ಬೆರಳು ತೆಗೆದರೂ ಕುಳಿ ಹಾಗೆಯೇ ಉಳಿಯಿತು. ನಾನು ಅದನ್ನೇ ನೋಡುತ್ತಾ ಕೂತೆ, ತಲೆ ಎತ್ತಲು ಮನಸ್ಸಾಗಲಿಲ್ಲ.

"ಕಾಲ ನೋಡಬ್ಯಾಡ ತಂಗಿ. ನನ್ನ ಮಾರಿ ನೋಡು" ಎಂದರು. ನೋಡಿದೆ. ರೆಪ್ಪೆ ಬಾತಿದ್ದವು. "ಆ ದಿನ ನೀ ಬರ್ದಿದ್ದಿ. ಸಂಜಿಗೆ ನಾ ಓದಿದೆ. ಓದಿ ಅಳಸಿದೆ. ಎರಡು ಕಿಲೋದ ಬಾಜೂಕ ಆ ಮಾತು ನನಗ ಬ್ಯಾಡಾಗಿತ್ತು."

"ಗೊತ್ತರಿ ಮೇಡಂ" ಎಂದೆ.

"ಗೊತ್ತಿದ್ದೂ ಸುಮ್ಮನ ಇದ್ದಿ?"

ಹೌದೆಂದೆ. ಅವರು ನಿರಿಗೆ ಕೆಳಗೆ ಬಿಟ್ಟರು. "ಕಾಶೀಬಾಯಿಗಿ ನಾ ಹೇಳಿದ್ದು ಖರೆ ಅಲ್ಲ. ನನ್ನ ಕಡಿಂದ ಇನ್ನ ಬಸ್ ಹತ್ತೋದು ಆಗೋದಿಲ್ಲ. ನೀ ಹೋಗಿ ಹೇಳು. ನಾ ಹೋದ ಮ್ಯಾಲಾದ್ರೂ ಹೇಳು." ಆಗಲಿ ಎಂದೆ. ಬಂದವಳು ಪರೀಕ್ಷೆ, ಪೇಪರು, ಮಗಳ ಜ್ವರ ಎಂದು ದಿನ ತಳ್ಳಿದೆ. ನಿಜವೆಂದರೆ ಹೆದರಿಕೆ. ಆ ಫೋನು ಬರುವವರೆಗೂ ಹೋಗಲಿಲ್ಲ.

ಕಲ್ಲು ತರಲು ಶಹಾಬಾದಿಗೆ ಹೋದೆ. ಅದೇ ಗೊಬ್ಬರದ ಚೀಲ. ಒಳಗೆ ಕಲ್ಲಿನ ಜೊತೆ ರಿಜಿಸ್ಟರೂ ಇತ್ತು. ಮನೆಗೆ ಬರದೆ ಹಾಗೆಯೇ ಚಿಂಚೋಳಿ ಬಸ್ಸು ಹತ್ತಿದೆ. ಹೆಗಲು ಈಗ ಮೊದಲಿನ ಹಾಗಿಲ್ಲ. ಐನಾಪುರ ದಾಟಿ ಆ ಹಳ್ಳಿಗೆ ದಾರಿ ಒಡೆಯುವ ಫಾಟಾದಲ್ಲಿ ಇಳಿದು ನಡೆಯುವಾಗ ನಾಲ್ಕು ಕಡೆ ಚೀಲ ಇಳಿಸಿ ನಿಂತೆ.

ಕಾಶೀಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಎದ್ದು, ಅಂದಿನ ಹಾಗೆಯೇ ಚಾಪೆ ಹಾಸಿದಳು. ಈ ಸಲ ಕೂತೆ. ಮೇಡಂ ಹೋದರು ಎಂದೆ. ರಿಜಿಸ್ಟರು ಬಿಚ್ಚಿ ತೆಳ್ಳಗಾದ ಆ ಜಾಗ ತೋರಿಸಿದೆ. "ಇಲ್ಲಿ ನಾ ಬರ್ದಿದ್ದೆ, ಕಣ್ಣು ಬಾತಾವ ಅಂತ. ಮೇಡಂ ಓದಿ ಅಳಸಿದ್ರು. ನಮಗ ಕಾಣಲಿಲ್ಲ ಅಂದಿದ್ದು ಸುಳ್ಳು, ಕಾಶೀಬಾಯಿ. ಇಬ್ಬರಿಗೂ ಕಂಡಿತ್ತು" ಎಂದೆ. ಬೈಯಲಿ, ಹೊರಗೆ ಹಾಕಲಿ ಎಂದು ಕಾದೆ.

ಆಕೆ ಕಾಗದದ ಮೇಲೆ ಬೆರಳಿಟ್ಟಳು. ಅವಳಿಗೆ ಓದಲು ಬರುವುದಿಲ್ಲ.

"ನಾ ಹಡದಾಕಿ ಅದೀನ್ರಿ. ನನಗ ಕಾಣಲಿಲ್ಲ ಅಂತೀರೇನು? ದಿನಾ ಮುಂಜಾನಿ ಎದ್ದಾಗ ಕಣ್ಣು ತೆರೀಲಿಕ್ಕ ಬರ್ತಿರಲಿಲ್ಲ ಆಕಿಗಿ. ದವಾಖಾನಿಗಿ ಒಯ್ಬೇಕಂತ ಹೊಂಟಿದ್ದೆ. ಅಷ್ಟ್ರಾಗ ಮೇಡಂ ಬಂದು ತೂಕ ಏರ್ಯಾದ, ನಿನ್ನ ಕೈಗುಣ ಛಲೋ ಅದ ಅಂದ್ರು. ಓದಿದವ್ರು ಅಂದ ಮ್ಯಾಲ ನನ್ನ ಕಣ್ಣೇ ಸುಳ್ಳು ಅನ್ಕೊಂಡೆ. ಇನ್ನೊಂದು ಲೋಟ ಹೆಚ್ಚಿಗಿ ಕುಡಸ್ದೆ."

ಮೊರದ ಪಕ್ಕದಲ್ಲಿ ಬಿದ್ದಿದ್ದ ತೊಗರಿ ಕಾಳುಗಳನ್ನು ಆಕೆ ಒಂದೊಂದಾಗಿ ಆರಿಸಿ ಒಳಗೆ ಹಾಕಿದಳು. ಆಮೇಲೆ ನನ್ನ ಚೀಲದ ಕಡೆ ನೋಡಿ, "ಆ ಕಲ್ಲೇನ್ರಿ?" ಎಂದು ಕೇಳಿದಳು. ಹೌದೆಂದೆ.

"ಇಲ್ಲೇ ಬಿಟ್ಟು ಹೋಗ್ರಿ. ಅದರ ಮ್ಯಾಲ ನಿಂತಿದ್ಲು."

ಕಲ್ಲು ತೆಗೆದು ನೆಲಕ್ಕಿಟ್ಟೆ. ಕೈ ತಾನಾಗಿ ಚೀಲದಲ್ಲಿ ರಸಮಟ್ಟ ಹುಡುಕಿತು. ಕಾಶೀಬಾಯಿ ನುಣುಪು ಮಗ್ಗುಲನ್ನು ಸೆರಗಿನಿಂದ ಒರೆಸಿ, ಎರಡು ಪಾದಗಳಿಗೆ ಆಗುವಷ್ಟು ಜಾಗದ ಮೇಲೆ ಎರಡೂ ಅಂಗೈ ಊರಿ ಕೂತಳು. ಸಂಜೆಯ ಬಸ್ಸಿಗೆ ನಾನು ಎದ್ದು ಬರುವಾಗಲೂ ಹಾಗೆಯೇ ಕೂತಿದ್ದಳು.